ಪಾರ್ಕಿನಲ್ಲಿ ಯಾವ ಕಲಾಕೃತಿ ಇಡಬೇಕು ಅಂತ ತೀರ್ಮಾನ ಮಾಡುವುದು ಯಾರು?

ಗೇಟಿನ ಪಕ್ಕದ ಮನೆ
ಮಂಗಳೂರಿನವರು, ಉಡುಪಿಯವರು ಯಾರಾದರೂ ಸ್ವಲ್ಪ ದಾರಿ ತೋರಿಸಿ. ನಮ್ಮ ವಾರ್ಡಿನ ಸಣ್ಣ ಪಾರ್ಕಿನಲ್ಲಿ ಅಭಿವೃದ್ಧಿ ಕೆಲಸ ಶುರುವಾಗಿದೆ. ವಾಕಿಂಗ್ ಟ್ರ್ಯಾಕಿಗೆ ಇಂಟರ್‌ಲಾಕ್ ಹಾಕುತ್ತಿದ್ದಾರೆ, ಅದು ಸರಿ. ಈಗ ಗೇಟಿನಲ್ಲಿ ಒಂದು ಫ್ಲೆಕ್ಸ್ ಬಂದಿದೆ, ಅದರಲ್ಲಿ ಮೂರು ಚಿತ್ರ. ಒಂದು ಫೈಬರಿನ ಡಾಲ್ಫಿನ್ ಜೋಡಿ, ಇನ್ನೊಂದು ಊರಿನ ಹೆಸರಿನ ದೊಡ್ಡ ಅಕ್ಷರಗಳು ಮತ್ತು ಕೆಂಪು ಹೃದಯ, ಮೂರನೆಯದು ಹುಲಿವೇಷ. ವಾಟ್ಸಾಪ್ ಗ್ರೂಪಿನಲ್ಲಿ ಭಾನುವಾರದೊಳಗೆ ವೋಟ್ ಮಾಡಬೇಕಂತೆ.

ನನಗೆ ಮೂರೂ ಬೇಡ ಅಂತಲ್ಲ. ಆದರೆ ಈ ಮೂರನ್ನು ಆರಿಸಿದ್ದು ಯಾರು? ಆ ಗ್ರೂಪಿನಲ್ಲಿ ಇರುವುದು ಮನೆ ಮಾಲೀಕರು ಮಾತ್ರ. ಸಂಜೆ ಪಾರ್ಕಿಗೆ ಬರುವವರಲ್ಲಿ ಅರ್ಧ ಜನ ಬಾಡಿಗೆ ಮನೆಯವರು, ಅಪಾರ್ಟ್‌ಮೆಂಟಿನ ವಾಚ್‌ಮನ್‌ಗಳ ಮಕ್ಕಳು, ಹತ್ತಿರದ ಹಾಸ್ಟೆಲಿನ ಹುಡುಗಿಯರು. ಅವರಿಗೆ ವೋಟು ಇಲ್ಲ. ಖರ್ಚು ಎಷ್ಟು, ಮಾಡುವವರು ಯಾರು ಅಂತ ಫ್ಲೆಕ್ಸಿನಲ್ಲಿ ಬರೆದಿಲ್ಲ. ಜನರನ್ನು ಸರಿಯಾಗಿ ಕೇಳಿ ಮಾಡಿದ ಉದಾಹರಣೆ ಎಲ್ಲಾದರೂ ಉಂಟಾ? ಕೇಳುವುದಾದರೆ ಹೇಗೆ ಕೇಳಬೇಕು?

ಕೋಡಿಕಲ್ ಹುಡುಗ
ಹುಲಿವೇಷಕ್ಕೆ ನನ್ನ ವೋಟು.

ಬಲ್ಮಠ ವಾಕರ್
ಮೊದಲು ಟಾಯ್ಲೆಟ್ ಕಟ್ಟಲಿ, ಕುಡಿಯುವ ನೀರು ಕೊಡಲಿ, ಆಮೇಲೆ ಕಲೆ. ನಾನು ದಿನಾ ವಾಕಿಂಗ್ ಹೋಗುವ ಪಾರ್ಕಿನಲ್ಲಿ ಲೈಟು ಕೆಟ್ಟು ತಿಂಗಳುಗಟ್ಟಲೆ ಆಯಿತು. ಹೆಂಗಸರು ಏಳು ಗಂಟೆ ಮೇಲೆ ಬರುವುದೇ ಇಲ್ಲ. ಅಂಥಲ್ಲಿ ಡಾಲ್ಫಿನ್ ಯಾಕೆ ಮಾರಾಯ್ರೇ?

ಸುರತ್ಕಲ್ ಅಕ್ಕ
@ಬಲ್ಮಠ ವಾಕರ್, ಲೈಟು ಬೇಕು, ಒಪ್ಪಿದೆ. ಆದರೆ ಲೈಟಿನ ದುಡ್ಡು ಬೇರೆ, ಇದರ ದುಡ್ಡು ಬೇರೆ ಇರುತ್ತದೆ. ಇದನ್ನು ಬೇಡ ಅಂದ ಕೂಡಲೇ ಅದು ಲೈಟಿಗೆ ಹೋಗುವುದಿಲ್ಲ. "ಮೊದಲು ಅದು, ಆಮೇಲೆ ಇದು" ಅಂತ ನಾವು ಸುಮ್ನೆ ಕೂತರೆ ಡಾಲ್ಫಿನ್ ಹೇಗೂ ಬಂದೇ ಬರುತ್ತದೆ.

ಕುಂಚ ಮತ್ತು ಉಳಿ
ನಾನು ಶಿಲ್ಪದ ಕೆಲಸ ಮಾಡುವವನು. ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಪಾರ್ಕಿನ ಕೆಲಸ ಒಂದೇ ಟೆಂಡರ್. ಮಣ್ಣು, ಕಾಂಪೌಂಡು, ಟ್ರ್ಯಾಕು, ಗ್ರಿಲ್ಲು, ಕೊನೆಗೆ "ಶಿಲ್ಪ, 1 ನಂಬರ್". ಟೆಂಡರ್ ಸಿಗುವುದು ಸಿವಿಲ್ ಕಂಟ್ರಾಕ್ಟರಿಗೆ. ಅವರು ಕೆಲಸ ಮುಗಿಯುವ ಹೊತ್ತಿಗೆ ನಮಗೆ ಫೋನ್ ಮಾಡುತ್ತಾರೆ. "ಉದ್ಘಾಟನೆ ತಾರೀಕು ಫಿಕ್ಸ್ ಆಗಿದೆ, ಏನಾದರೂ ಮಾಡಿ ಕೊಡಿ." ಆಗ ಮೌಲ್ಡ್ ರೆಡಿ ಇರುವುದನ್ನೇ ಎರಕ ಹೊಯ್ಯಬೇಕು. ಡಾಲ್ಫಿನ್, ಜಿಂಕೆ, ಕೊಕ್ಕರೆ ಎಲ್ಲ ಪಾರ್ಕಿನಲ್ಲೂ ಕಾಣುವುದು ಹೀಗಾಗಿಯೇ. ಕಲಾವಿದರಿಗೆ ಬೇರೆ ಯೋಚನೆ ಬರುವುದಿಲ್ಲ ಅಂತಲ್ಲ. ಜಾಗ ನೋಡುವುದಕ್ಕೂ ಪುರುಸೊತ್ತು ಕೊಡುವುದಿಲ್ಲ.

ನಮ್ಮಲ್ಲಿ ಕೈಗಳಿಗೆ ಬರ ಇಲ್ಲ. ಮಂಗಳೂರಿನಲ್ಲಿ ಮಹಾಲಸಾ ಚಿತ್ರಕಲಾ ಶಾಲೆ ಉಂಟು. ಕಾರ್ಕಳದ ಮಿಯ್ಯಾರಿನಲ್ಲಿ ಸಿ.ಇ. ಕಾಮತ್ ಸಂಸ್ಥೆಯಲ್ಲಿ ಕಲ್ಲು, ಮರ, ಲೋಹದ ಕೆಲಸ ಕಲಿಸುತ್ತಾರೆ. ಅಲ್ಲಿ ಕಲಿತು ಹೊರಬಂದ ಹುಡುಗರು ದೇವಸ್ಥಾನಗಳಿಗೆ ಕೆತ್ತುತ್ತಿದ್ದಾರೆ. ಪಾರ್ಕಿಗೆ ಮಾತ್ರ ಅವರನ್ನು ಯಾರೂ ಕರೆಯುವುದಿಲ್ಲ.

ಜನರನ್ನು ಕೇಳುವುದಾದರೆ "ಈ ಮೂರರಲ್ಲಿ ಯಾವುದು" ಅಂತ ಕೇಳಬೇಡಿ. ಅಷ್ಟು ಹೊತ್ತಿಗೆ ಎಲ್ಲ ಮುಗಿದಿರುತ್ತದೆ. "ಈ ಜಾಗದಲ್ಲಿ ನೀವು ಏನು ಮಾಡುತ್ತೀರಿ, ಎಲ್ಲಿ ಕೂರುತ್ತೀರಿ, ಮಕ್ಕಳು ಎಲ್ಲಿ ಓಡುತ್ತಾರೆ, ಈ ಜಾಗದಲ್ಲಿ ಮೊದಲು ಏನಿತ್ತು" ಅಂತ ಕೇಳಿ. ಆ ಉತ್ತರ ತಂದು ಕಲಾವಿದನ ಕೈಗೆ ಕೊಡಿ. ಚಿತ್ರ ಬರೆಯುವುದು ಅವನ ಕೆಲಸ.

ಗೇಟಿನ ಪಕ್ಕದ ಮನೆ
ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಪಾರ್ಕಿನ ಜಾಗದಲ್ಲಿ ಮೊದಲು ಕೆರೆ ಇತ್ತು ಅಂತ ಹಿರಿಯರು ಹೇಳುತ್ತಾರೆ. ಮಳೆಗಾಲದಲ್ಲಿ ಒಂದು ಮೂಲೆಯಲ್ಲಿ ಈಗಲೂ ನೀರು ನಿಲ್ಲುತ್ತದೆ. ಫ್ಲೆಕ್ಸ್ ಪ್ರಕಾರ ಆ ಮೂಲೆಯಲ್ಲೇ ಡಾಲ್ಫಿನ್ ಪೀಠ ಬರುವುದು.

ನಿವೃತ್ತ ಎಂಜಿನಿಯರ್
ಕಲಾವಿದರು ಹೇಳಿದ್ದು ಸರಿ, ಆದರೆ ಎಂಜಿನಿಯರ್ ಕಡೆಯೂ ನೋಡಿ. ಎಸ್ಟಿಮೇಟ್ ಮಾಡುವುದು ಎಸ್‌ಆರ್ ರೇಟಿನ ಮೇಲೆ, ಅಂದರೆ ಇಲಾಖೆಯ ನಿಗದಿ ದರಪಟ್ಟಿಯ ಮೇಲೆ. ಸಿಮೆಂಟು, ಕಬ್ಬಿಣ, ಜಲ್ಲಿ ಎಲ್ಲಕ್ಕೂ ಅದರಲ್ಲಿ ರೇಟು ಇರುತ್ತದೆ. ಶಿಲ್ಪಕ್ಕೆ ಇರುವುದಿಲ್ಲ. ಆಗ ಕೊಟೇಶನ್ ತರಿಸಬೇಕು. "ಯೋಚನೆ ಇನ್ನೂ ಆಗಿಲ್ಲ, ಜನರನ್ನು ಕೇಳಿ ಆಮೇಲೆ ಹೇಳುತ್ತೇವೆ" ಅಂತ ಯಾರೂ ಕೊಟೇಶನ್ ಕೊಡುವುದಿಲ್ಲ. ಸರ್ಕಾರಿ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆ ಉಂಟು, ಅದನ್ನು ದಾಟಿ ಹೋದರೆ ಆಡಿಟ್‌ನವರು ಹಿಡಿಯುತ್ತಾರೆ. ಅದಕ್ಕೇ ಎಂಜಿನಿಯರ್ ಕ್ಯಾಟಲಾಗಿನಲ್ಲಿ ಇರುವುದನ್ನೇ ಬರೆಯುತ್ತಾನೆ.

ದಾರಿ ಇಲ್ಲ ಅಂತಲ್ಲ. ಕಲೆಯ ಭಾಗವನ್ನು ಸಿವಿಲ್ ಟೆಂಡರಿನಿಂದ ಹೊರಗೆ ತೆಗೆಯಿರಿ. ಮೊದಲು ವಿನ್ಯಾಸಕ್ಕೆ ಮಾತ್ರ ಸಣ್ಣ ಮೊತ್ತ ಇಡಿ, ಆಯ್ಕೆಯಾದ ಮೇಲೆ ತಯಾರಿಕೆಗೆ ಬೇರೆ. ಇದನ್ನು ಎಸ್ಟಿಮೇಟ್ ಹಂತದಲ್ಲೇ ಹೇಳಬೇಕು, ವರ್ಕ್ ಆರ್ಡರ್ ಆದ ಮೇಲೆ ಹೇಳಿದರೆ ಕಷ್ಟ. ನಿಮ್ಮ ಪಾರ್ಕಿನದು ಯಾವ ಹಂತದಲ್ಲಿದೆ ಅಂತ ಮೊದಲು ತಿಳಿದುಕೊಳ್ಳಿ. ಟೆಂಡರ್ ಆಗಿದ್ದರೆ ರಾಜ್ಯದ ಖರೀದಿ ಪೋರ್ಟಲಿನಲ್ಲಿ ಸಿಗುತ್ತದೆ. ಸಿಗದಿದ್ದರೆ ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ.

ಕಾನೂನು ವಿದ್ಯಾರ್ಥಿ
ಯಾರೂ ಹೇಳದ ವಿಷಯ ಒಂದುಂಟು. 2013ರ ಜನವರಿ 18ರಂದು ಸುಪ್ರೀಂ ಕೋರ್ಟ್ ಆದೇಶ ಮಾಡಿದೆ. ರಸ್ತೆ, ಫುಟ್‌ಪಾತ್, ಸಾರ್ವಜನಿಕ ಉಪಯೋಗದ ಜಾಗಗಳಲ್ಲಿ ಪ್ರತಿಮೆ ಇಡಲು ರಾಜ್ಯಗಳು ಅನುಮತಿ ಕೊಡಬಾರದು. ಹಾಗಾದರೆ ಪಾರ್ಕಿನಲ್ಲಿ ಇಡುವುದೇ ತಪ್ಪು ಅಲ್ವಾ?

ನಿವೃತ್ತ ಎಂಜಿನಿಯರ್
@ಕಾನೂನು ವಿದ್ಯಾರ್ಥಿ, ಆದೇಶ ಪೂರ್ತಿ ಓದಿ ತಮ್ಮಾ. ದೀಪ, ಟ್ರಾಫಿಕ್, ರಸ್ತೆಗಳ ಅಭಿವೃದ್ಧಿ ಮತ್ತು ಸೌಂದರ್ಯೀಕರಣದ ಕೆಲಸ ಇದಕ್ಕೆ ಸೇರುವುದಿಲ್ಲ ಅಂತ ಅದರಲ್ಲೇ ಉಂಟು. ಅಡ್ಡಿ ಬರುವುದು ಹೆಚ್ಚಾಗಿ ವ್ಯಕ್ತಿಗಳ ಪ್ರತಿಮೆಗೆ. ಯಾರದ್ದಾದರೂ ಪ್ರತಿಮೆ ಅಂತ ಶುರು ಮಾಡಿದರೆ ಕಾನೂನೂ ಬರುತ್ತದೆ, ಜಾತಿ ಲೆಕ್ಕವೂ ಬರುತ್ತದೆ, ಪಾರ್ಟಿಯೂ ಬರುತ್ತದೆ.

ಬಂದರು ಬೀದಿ
ವ್ಯಕ್ತಿಗಳ ಪ್ರತಿಮೆ ಬೇಡ ಅಂತ ಸಾರಾಸಗಟು ಹೇಳಬೇಡಿ ಸರ್. ಬಾವುಟಗುಡ್ಡೆಯಲ್ಲಿ 2022ರ ನವೆಂಬರಿನಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಬಂತು. 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ, ರಾಮಯ್ಯ ಗೌಡರೂ ಮುಂದಾಳಾಗಿದ್ದ ಅಮರ ಸುಳ್ಯದ ದಂಡು ಮಂಗಳೂರಿಗೆ ಬಂದು ಬಾವುಟ ಹಾರಿಸಿದ್ದೇ ಆ ಗುಡ್ಡದಲ್ಲಿ. ಜಾಗಕ್ಕೂ ಪ್ರತಿಮೆಗೂ ಸಂಬಂಧ ಉಂಟು. ನನ್ನ ಮಗಳು ಅದನ್ನು ನೋಡಿಯೇ ಆ ಕಥೆ ಕೇಳಿದಳು. ಅಂಥದ್ದು ಬೇಕು.

ನಿವೃತ್ತ ಎಂಜಿನಿಯರ್
ಅದು ಒಪ್ಪಿದೆ. ಆ ಗುಡ್ಡಕ್ಕೆ ಆ ಕಥೆ ಉಂಟು. ವಾರ್ಡ್ ಪಾರ್ಕಿಗೂ ಅದರದ್ದೇ ಕಥೆ ಇದ್ದರೆ ಸರಿ.

ಕೋಡಿಕಲ್ ಹುಡುಗ
ಹುಲಿವೇಷಕ್ಕಿಂತ ಪಂಜುರ್ಲಿ ದೈವವನ್ನು ಇಟ್ಟರೆ? ಈಗ ಎಲ್ಲರೂ ನೋಡಲು ಬರುತ್ತಾರೆ, ಫೋಟೋಗೆ ಚೆನ್ನಾಗಿರುತ್ತದೆ.

ಸುರತ್ಕಲ್ ಅಕ್ಕ
ಬೇಡ ಮಗಾ. ದೈವ ಫೋಟೋಗೆ ನಿಲ್ಲಿಸುವ ಬೊಂಬೆ ಅಲ್ಲ. ನಮ್ಮ ಮನೆಯಲ್ಲಿ ನಂಬಿಕೊಂಡು ಬಂದದ್ದು ಅದು. ಕಟ್ಟುಕಟ್ಟಳೆ ಉಂಟು, ಅಣಿ (ದೈವದ ಬೆನ್ನಿಗೆ ಕಟ್ಟುವ ಅಲಂಕಾರ) ಕಟ್ಟುವುದಕ್ಕೂ ಕ್ರಮ ಉಂಟು. ಪಾರ್ಕಿನಲ್ಲಿ ಜನ ಚಪ್ಪಲಿ ಹಾಕಿಕೊಂಡು ಹತ್ತಿರ ಹೋಗುತ್ತಾರೆ, ಮಕ್ಕಳು ಮೇಲೆ ಹತ್ತುತ್ತಾರೆ. ಮಳೆಗೆ ಬಣ್ಣ ಹೋಗಿ ಮುಖ ಕಿತ್ತು ಬಂದ ದೈವದ ಆಕೃತಿ ನೋಡಿದರೆ ನಮಗೆ ಹೇಗಾಗಬೇಡ? ಇಂಥದ್ದನ್ನೇ ಮೊದಲು ಜನರನ್ನು ಕೇಳಬೇಕಾದ್ದು. ಹೊರಗಿನ ಕಂಟ್ರಾಕ್ಟರಿಗೆ ಇದು ಗೊತ್ತಾಗುವುದಿಲ್ಲ. ಊರಿನ ಅಜ್ಜಿಯನ್ನು ಕೇಳಿದರೆ ಒಂದೇ ನಿಮಿಷದಲ್ಲಿ ಹೇಳುತ್ತಾರೆ.

ಬಂದರು ಬೀದಿ
ಅಕ್ಕ ಹೇಳಿದ್ದಕ್ಕೆ ನನ್ನದೂ ಒಂದು ಮಾತು. ನಮ್ಮ ಬೀದಿಯಲ್ಲಿ ಬ್ಯಾರಿಗಳು, ಕೊಂಕಣಿಗರು, ಮೊಗವೀರರು, ಕ್ರಿಶ್ಚಿಯನ್ನರು ಎಲ್ಲ ಇದ್ದೇವೆ. ಪಾರ್ಕು ಎಲ್ಲರದ್ದು. ಯಾರ ದೇವರೂ, ಯಾರ ಗುರುತೂ ಅಲ್ಲಿ ಬೇಡ ಅಂತ ಮೊದಲೇ ಮಾತಾಡಿಕೊಂಡರೆ ಆಮೇಲೆ ಗಲಾಟೆ ಆಗುವುದಿಲ್ಲ.

ಕೋಡಿಕಲ್ ಹುಡುಗ
ಸರಿ ಅಕ್ಕ, ಅರ್ಥವಾಯಿತು. ಹುಲಿವೇಷ ಆಗಬಹುದಾ ಹಾಗಾದರೆ?

ಸುರತ್ಕಲ್ ಅಕ್ಕ
ಅದಕ್ಕೂ ಹರಕೆಯ ನಂಟು ಉಂಟು. ನನಗೆ ಅಡ್ಡಿ ಇಲ್ಲ, ಆದರೆ ಹುಲಿ ಕಟ್ಟುವ ತಂಡದವರನ್ನು ಕೇಳಿ. ತಾಸೆಯ ಬಡಿತ, ಹೆಜ್ಜೆ, ಬಣ್ಣ ಎಲ್ಲ ಅವರಿಗೆ ಗೊತ್ತು. ಅವರು ನೋಡಿ ಸರಿ ಅಂದರೆ ಸರಿ.

ಮುರಕಲ್ಲು
ವಸ್ತುವಿನ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ. ಮೇಲೆ ಸಮುದ್ರದ ಉಪ್ಪು ಗಾಳಿ. ಫೈಬರಿನ ಮೇಲ್ಪದರ ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ, ಆಮೇಲೆ ಕೂದಲಿನ ಹಾಗೆ ಎಳೆ ಎದ್ದು ಬರುತ್ತದೆ, ಮಕ್ಕಳ ಕೈಗೆ ಚುಚ್ಚುತ್ತದೆ. ಸಿಮೆಂಟ್ ಮೂರ್ತಿಯ ಒಳಗಿನ ಕಬ್ಬಿಣಕ್ಕೆ ಉಪ್ಪು ತಾಗಿದರೆ ತುಕ್ಕು ಹಿಡಿದು ಉಬ್ಬುತ್ತದೆ, ಸಿಮೆಂಟು ಸೀಳುತ್ತದೆ. ಸ್ಟೀಲಿನಲ್ಲಿ 304 ಅಂತ ಒಂದು, 316 ಅಂತ ಒಂದು. 316ರಲ್ಲಿ ಮಾಲಿಬ್ಡಿನಮ್ ಇರುವುದರಿಂದ ಉಪ್ಪಿಗೆ ಸ್ವಲ್ಪ ತಡೆಯುತ್ತದೆ. ಕಡಲ ಹತ್ತಿರದ ಪಾರ್ಕಿಗೆ 304 ಹಾಕಿದರೆ ಕಂದು ಕಲೆ ಬೇಗ ಬರುತ್ತದೆ.

ಕಂಚು ನಿಲ್ಲುತ್ತದೆ. ಕದ್ರಿ ದೇವಸ್ಥಾನದ ಲೋಕೇಶ್ವರ ನೋಡಿ. ಆಳುಪ ದೊರೆ ಕುಂದವರ್ಮನ ಶಾಸನದ ಪ್ರಕಾರ 968ನೇ ಇಸವಿಯದ್ದು. ಸಾವಿರ ವರ್ಷ ದಾಟಿತು.

ಕುಂಚ ಮತ್ತು ಉಳಿ
ಲೋಕೇಶ್ವರ ಇರುವುದು ಒಳಗೆ, ಮಾಡಿನ ಅಡಿಯಲ್ಲಿ. ಬಯಲಿನ ಲೆಕ್ಕ ಬೇರೆ. ಬಯಲಿನಲ್ಲಿ ನಿಂತದ್ದು ಬೇಕಾದರೆ ಕಾರ್ಕಳದ ಗೊಮ್ಮಟ. 42 ಅಡಿ, ಒಂದೇ ಕಲ್ಲು, 1432ರಿಂದ ಎಲ್ಲ ಮಳೆ ತಿಂದು ನಿಂತಿದ್ದಾನೆ. ಆದರೆ ಕಂಚಿಗೂ ಕಲ್ಲಿಗೂ ವಾರ್ಡ್ ಪಾರ್ಕಿನ ಬಜೆಟ್ ಸಾಲುವುದಿಲ್ಲ. ಅದಕ್ಕೆ ಸಣ್ಣದು ಮಾಡಿ, ಚೆನ್ನಾಗಿ ಮಾಡಿ. ಕೂರಬಹುದಾದ ಕಲ್ಲಿನ ಕೆಲಸವೂ ಕಲೆಯೇ.

ಅಜ್ಜರಕಾಡು ಸಂಜೆ
ಉಡುಪಿಯಿಂದ ಬರೆಯುತ್ತಿದ್ದೇನೆ. ಕಾರ್ಕಳದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಬೈಲೂರಿನ ಉಮಿಕ್ಕಳ ಬೆಟ್ಟದ ಪರಶುರಾಮ ಥೀಮ್ ಪಾರ್ಕ್ 2023ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಮೂರ್ತಿ ಕಂಚಿನದ್ದು ಹೌದೋ ಅಲ್ಲವೋ ಅಂತ ದೊಡ್ಡ ವಿವಾದ ಎದ್ದು, ಮೂರ್ತಿಯ ಮೇಲ್ಭಾಗ ತೆಗೆದರು. ಯಾರು ಸರಿ ಯಾರು ತಪ್ಪು ಅನ್ನುವುದು ಇಲ್ಲಿ ಬೇಡ. ಆದರೆ ಯಾವ ವಸ್ತು, ಎಷ್ಟು ತೂಕ, ಯಾರ ಪರೀಕ್ಷೆ ಅಂತ ಮೊದಲೇ ಊರಿನ ಎದುರು ಕಾಗದ ಇಟ್ಟಿದ್ದರೆ ಜನ ಬೆಟ್ಟ ಹತ್ತಿ ಕಂಚು ತಟ್ಟಿ ನೋಡಬೇಕಾಗಿರಲಿಲ್ಲ. ಫ್ಲೆಕ್ಸಿನಲ್ಲಿ ಚಿತ್ರದ ಜೊತೆಗೆ ವಸ್ತು ಮತ್ತು ಖರ್ಚು ಬರೆಯಲೇಬೇಕು.

ಇನ್ನೊಂದು. ಕೆ.ಕೆ. ಹೆಬ್ಬಾರರು ನಮ್ಮ ಕಟ್ಟಿಂಗೇರಿಯವರು. ದೇಶವೇ ಒಪ್ಪಿದ ಚಿತ್ರಕಾರ. ಒಂದೇ ಗೆರೆಯಲ್ಲಿ ಕುಣಿತ ಹಿಡಿಯುತ್ತಿದ್ದರು. ಅಂಥವರು ಹುಟ್ಟಿದ ಜಿಲ್ಲೆಯಲ್ಲಿ ಪಾರ್ಕಿಗೆ ಕ್ಯಾಟಲಾಗ್ ನೋಡಿ ಆರಿಸುತ್ತೇವೆ ಅಂದರೆ ನನಗೆ ನಿಜವಾಗಿ ಬೇಸರ ಆಗುತ್ತದೆ.

ದೂರದ ಮಗ
ನಾನು ಹುಟ್ಟಿದ್ದು ಕಂಕನಾಡಿಯಲ್ಲಿ, ಈಗ ನ್ಯೂಜರ್ಸಿ. ಜನರನ್ನು ಕೇಳಬೇಕು ಅನ್ನುವವರಿಗೆ ನನ್ನದೊಂದು ಪ್ರಶ್ನೆ. ಜನರ ವೋಟಿನಿಂದ ಒಳ್ಳೆಯ ಕಲೆ ಬರುತ್ತದಾ? ಗೊಮ್ಮಟನನ್ನು ನಿಲ್ಲಿಸುವಾಗ ದೊರೆ ಯಾರನ್ನು ಕೇಳಿದ್ದ? ಹೊಸದು ಯಾವುದೇ ಆದರೂ ಮೊದಲು ಜನರಿಗೆ ಇಷ್ಟ ಆಗುವುದಿಲ್ಲ. ವೋಟು ಹಾಕಿದರೆ ಯಾವಾಗಲೂ ಹೃದಯದ ಅಕ್ಷರವೇ ಗೆಲ್ಲುತ್ತದೆ.

ನ್ಯೂಯಾರ್ಕಿನಲ್ಲಿ ರಿಚರ್ಡ್ ಸೆರಾ ಅನ್ನುವ ಶಿಲ್ಪಿಯ ಕೆಲಸ 1981ರಲ್ಲಿ ಫೆಡರಲ್ ಪ್ಲಾಜಾದಲ್ಲಿ ನಿಂತಿತು. 120 ಅಡಿ ಉದ್ದದ ಉಕ್ಕಿನ ಗೋಡೆ. ಅಲ್ಲಿನ ಆಫೀಸಿನವರಿಗೆ ನಡೆಯುವ ದಾರಿಗೆ ಅಡ್ಡ ಆಯಿತು, ದೂರು ಕೊಟ್ಟರು. 1985ರಲ್ಲಿ ವಿಚಾರಣೆ ಇಟ್ಟಾಗ 122 ಜನ ಇರಲಿ ಅಂದರು, 58 ಜನ ತೆಗೆಯಿರಿ ಅಂದರು. ಆದರೂ 1989ರಲ್ಲಿ ತುಂಡು ಮಾಡಿ ತೆಗೆದರು. ಕಲಾವಿದನಿಗೂ ನಷ್ಟ, ಊರಿಗೂ ನಷ್ಟ.

ಕುಂಚ ಮತ್ತು ಉಳಿ
@ದೂರದ ಮಗ, ನೀವು ಕೊಟ್ಟ ಕಥೆ ನನ್ನ ಮಾತಿಗೇ ಸಾಕ್ಷಿ. ಅಲ್ಲಿ ಜನರನ್ನು ಕೇಳಿದ್ದು ನಿಲ್ಲಿಸಿದ ನಾಲ್ಕು ವರ್ಷದ ಮೇಲೆ. ದಿನಾ ಆ ಚೌಕ ದಾಟುವವರು ಯಾವ ದಾರಿಯಲ್ಲಿ ದಾಟುತ್ತಾರೆ ಅಂತ ಮೊದಲೇ ಕೂತು ಮಾತಾಡಿದ್ದರೆ ಸೆರಾ ಬೇರೆ ಕಡೆ ಬೇರೆ ಥರ ನಿಲ್ಲಿಸುತ್ತಿದ್ದರೋ ಏನೋ. ವೋಟಿಗೆ ನಾನೂ ವಿರುದ್ಧವೇ. ಕೇಳುವುದು ಬೇರೆ, ವೋಟು ಹಾಕಿಸುವುದು ಬೇರೆ. ರೋಗಿಯನ್ನು ಎಲ್ಲಿ ನೋಯುತ್ತದೆ ಅಂತ ಕೇಳದೆ ಡಾಕ್ಟರು ಮದ್ದು ಬರೆಯುವುದಿಲ್ಲ, ಹಾಗಂತ ಮದ್ದಿನ ಚೀಟಿಯನ್ನು ರೋಗಿಯ ಕೈಯಲ್ಲಿ ಬರೆಸುವುದೂ ಇಲ್ಲ.

ದೂರದ ಮಗ
ಅದು ಒಪ್ಪುವ ಮಾತು. ಹಾಗಾದರೆ ಕೊನೆಯ ತೀರ್ಮಾನ ಯಾರದ್ದು?

ಕಾವೂರು ಟೀಚರ್
ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಒಂದು ಕ್ರಮ ಉಂಟು. ಅಲ್ಲಿನ ನಾಲ್ಕನೇ ಪೀಠಕ್ಕೆ 1841ರಲ್ಲಿ ಪ್ರತಿಮೆ ಮಾಡಲು ದುಡ್ಡು ಸಾಲದೆ ನೂರೈವತ್ತು ವರ್ಷ ಖಾಲಿ ಇತ್ತು. 1999ರಿಂದ ಅದರ ಮೇಲೆ ಹೊಸ ಕಲಾವಿದರ ಕೃತಿಗಳನ್ನು ಸ್ವಲ್ಪ ಕಾಲ ಇಟ್ಟು ಬದಲಾಯಿಸುತ್ತಾರೆ. ಆಯ್ಕೆಗೆ ಮೊದಲು ಸಣ್ಣ ಮಾದರಿಗಳನ್ನು ಜನರ ಎದುರು ಇಡುತ್ತಾರೆ, ಅಭಿಪ್ರಾಯ ಬರೆಸಿಕೊಳ್ಳುತ್ತಾರೆ. ತೀರ್ಮಾನ ಮಾತ್ರ ಒಂದು ಸಮಿತಿಯದ್ದು. ನನಗೆ ಇಷ್ಟವಾದದ್ದು ಆ "ಸ್ವಲ್ಪ ಕಾಲ" ಅನ್ನುವುದು. ನಮ್ಮಲ್ಲಿ ಒಮ್ಮೆ ಇಟ್ಟರೆ ಮೊಮ್ಮಕ್ಕಳ ಕಾಲದವರೆಗೂ ಅದೇ. ಅದಕ್ಕೇ ಜಗಳವೂ ಜೋರು.

ವಾರ್ಡ್ ಪಾರ್ಕಿನಲ್ಲಿ ಮಾಡಬಹುದಾದ್ದು ಒಂದು ಹೇಳುತ್ತೇನೆ. ಮಕ್ಕಳಿಂದ ಶುರು ಮಾಡಿ. ಆದರೆ "ಚಿತ್ರ ಬಿಡಿಸಿ, ಬಹುಮಾನ" ಅಂತ ಬೇಡ. ಹಾಗೆ ಹೇಳಿದರೆ ಎಲ್ಲರೂ ನವಿಲು, ಭಾರತದ ಬಾವುಟ ಬಿಡಿಸುತ್ತಾರೆ. ಅವರನ್ನು ಪಾರ್ಕಿಗೇ ಕರೆದುಕೊಂಡು ಹೋಗಿ, "ನಿನಗೆ ಇಷ್ಟದ ಜಾಗದಲ್ಲಿ ಹೋಗಿ ನಿಲ್ಲು" ಅನ್ನಿ. ನಮ್ಮ ಶಾಲೆಯ ಹತ್ತಿರದ ಪಾರ್ಕಿನಲ್ಲಿ ಹೀಗೆ ಹೇಳಿದಾಗ ದೊಡ್ಡವರು ಸೋಫಾ ಹಾಗೆ ಕಟ್ಟಿಸಿದ್ದ ಕಟ್ಟೆಯ ಹತ್ತಿರ ಒಂದು ಮಗುವೂ ಹೋಗಲಿಲ್ಲ. ಎಲ್ಲ ಹೋಗಿ ನಿಂತದ್ದು ಬಾದಾಮಿ ಮರದ ಬೇರಿನ ಮೇಲೆ. ಬೇರು ಎತ್ತರಕ್ಕೆ ಎದ್ದಿದೆ, ಅಲ್ಲಿಂದ ಹಾರುತ್ತಾರೆ.

ಆಮೇಲೆ ಯಾವ ಕೃತಿ ಆದರೂ ಅದರ ನಿಜವಾದ ಅಳತೆಯಲ್ಲಿ ಬಿದಿರು ಮತ್ತು ಹಳೇ ಫ್ಲೆಕ್ಸಿನಿಂದ ಒಂದು ಆಕಾರ ಕಟ್ಟಿ ವಾರ ಪೂರ್ತಿ ಅಲ್ಲೇ ನಿಲ್ಲಿಸಿ. ಚಿತ್ರದಲ್ಲಿ ಚೆಂದ ಕಂಡದ್ದು ಜಾಗದಲ್ಲಿ ದಾರಿಗೆ ಅಡ್ಡ ಅಂತ ಆಗ ಗೊತ್ತಾಗುತ್ತದೆ.

ಬಲ್ಮಠ ವಾಕರ್
ಬಿದಿರಿನ ಉಪಾಯ ಚೆನ್ನಾಗಿದೆ. ಖರ್ಚೂ ಇಲ್ಲ. ಆದರೂ ಲೈಟಿನ ಮಾತು ಬಿಡುವುದಿಲ್ಲ.

ಬಂದರು ಬೀದಿ
ಹಂಪನಕಟ್ಟೆ ಕ್ಲಾಕ್ ಟವರ್ ನೆನಪುಂಟಾ ಯಾರಿಗಾದರೂ? ಹಳೆಯದನ್ನು ತೊಂಬತ್ತರ ದಶಕದಲ್ಲಿ ಕೆಡವಿದರು. ಸ್ಮಾರ್ಟ್ ಸಿಟಿ ಕಾಲದಲ್ಲಿ ಮತ್ತೆ ಕಟ್ಟಿದರು. ಬೇಕು ಅನ್ನುವವರು, ಟ್ರಾಫಿಕ್ಕಿಗೆ ಅಡ್ಡ ಅನ್ನುವವರು ಆಗಲೂ ಇದ್ದರು.

ಕೋಡಿಕಲ್ ಹುಡುಗ
ನಾನು ಹಳೆಯದನ್ನು ನೋಡಿಲ್ಲ. ಅಪ್ಪ ಈಗಲೂ ಬಸ್ಸಿನಲ್ಲಿ "ಕ್ಲಾಕ್ ಟವರ್" ಅಂತಲೇ ಇಳಿಯುವುದು, ಟವರ್ ಇಲ್ಲದ ಕಾಲದಲ್ಲೂ ಹಾಗೇ ಹೇಳುತ್ತಿದ್ದರು.

ಮುರಕಲ್ಲು
ವಿಷಯಕ್ಕೆ ಬನ್ನಿ. ನನ್ನದೊಂದು ಸಲಹೆ, ಹಂಚು. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆ 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು. ಮಂಗಳೂರು ಹಂಚು ಅಂತ ಊರಿನ ಹೆಸರು ದೇಶವಿದೇಶಕ್ಕೆ ಹೋಯಿತು. ಎಷ್ಟೋ ಕಾರ್ಖಾನೆ ಮುಚ್ಚಿದವು, ಆದರೆ ಅಲ್ಲಿ ದುಡಿದವರು ಇನ್ನೂ ನಮ್ಮ ಮನೆಗಳಲ್ಲಿ ಇದ್ದಾರೆ. ಸುಟ್ಟ ಮಣ್ಣು ನಮ್ಮ ಮಳೆಗೆ ಹೆದರುವುದಿಲ್ಲ, ಪಾಚಿ ಬಂದರೆ ಉಜ್ಜಿದರೆ ಹೋಗುತ್ತದೆ. ವಾರ್ಡಿನ ಒಂದೊಂದು ಮನೆಯವರು ಹಸಿ ಮಣ್ಣಿನ ಬಿಲ್ಲೆಯ ಮೇಲೆ ತಮಗೆ ಬೇಕಾದ್ದು ಒತ್ತಲಿ, ಕಲಾವಿದರು ಅದನ್ನು ಜೋಡಿಸಿ ಮುರಕಲ್ಲಿನ (ಕೆಂಪು ಕಲ್ಲಿನ) ಗೋಡೆಯ ಮೇಲೆ ಕೂರಿಸಲಿ. ಒಂದು ಒಡೆದರೆ ಒಂದೇ ಬದಲಿಸಿದರೆ ಸಾಕು.

ಅಜ್ಜರಕಾಡು ಸಂಜೆ
ಹಂಚಿನದ್ದು ತುಂಬ ಚೆನ್ನಾಗಿದೆ. ಉಡುಪಿಯಲ್ಲೂ ಮಾಡಬಹುದು.

ಕುಂಚ ಮತ್ತು ಉಳಿ
ಒಪ್ಪುತ್ತೇನೆ, ಒಂದು ಎಚ್ಚರ. ಎಲ್ಲರ ಬಿಲ್ಲೆ ಸುಮ್ನೆ ಅಂಟಿಸಿದರೆ ಗೋಡೆ ಗಲಿಬಿಲಿ ಆಗುತ್ತದೆ. ಒಂದು ವಿಷಯ ಇಟ್ಟುಕೊಳ್ಳಿ. ನಿಮ್ಮ ಪಾರ್ಕಿಗೆ ಕೆರೆ ಉಂಟಲ್ಲ, ನೀರನ್ನೇ ಇಟ್ಟುಕೊಳ್ಳಿ. ನೀರು ನಿಲ್ಲುವ ಮೂಲೆಯನ್ನು ಮುಚ್ಚದೆ ಹಾಗೇ ಬಿಟ್ಟು ಗೋಡೆಯನ್ನು ಅದರ ಪಕ್ಕ ತನ್ನಿ.

ಕಾನೂನು ವಿದ್ಯಾರ್ಥಿ
ಇದನ್ನೆಲ್ಲ ಎಲ್ಲಿ ಹೇಳಬೇಕು ಅಂತ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಕರ್ನಾಟಕ ಮುನ್ಸಿಪಲ್ ಕಾರ್ಪೊರೇಶನ್ಸ್ ಕಾಯ್ದೆ 1976ರಲ್ಲಿ ವಾರ್ಡ್ ಸಮಿತಿಗೆ ಅವಕಾಶ ಉಂಟು. ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ 10 ಸದಸ್ಯರು. ಅವರಲ್ಲಿ 3 ಮಹಿಳೆಯರು, 2 ಪರಿಶಿಷ್ಟ ಜಾತಿ ಪಂಗಡದವರು, 2 ನಿವಾಸಿ ಸಂಘಗಳವರು ಇರಬೇಕು. ಪಾರ್ಕಿನ ಕೆಲಸ ಅಲ್ಲಿ ಚರ್ಚೆಗೆ ಬರಬೇಕಾದ ವಿಷಯವೇ. ವಾಟ್ಸಾಪ್ ಗ್ರೂಪಿಗೆ ಯಾವ ಅಧಿಕಾರವೂ ಇಲ್ಲ. ಪಾರ್ಕು, ಬಯಲು ಜಾಗಗಳ ರಕ್ಷಣೆಗೆ 1985ರ ಕಾಯ್ದೆಯೂ ಉಂಟು, ಅರ್ಜಿಯಲ್ಲಿ ಅದನ್ನೂ ಬರೆಯಿರಿ.

ಸುರತ್ಕಲ್ ಅಕ್ಕ
ಸಭೆ ಇಟ್ಟರೆ ಬೆಳಗ್ಗೆ 11ಕ್ಕೆ ಇಡಬೇಡಿ. ಬೀಡಿ ಕಟ್ಟುವವರು, ಮೀನು ಮಾರುವವರು, ಮನೆಕೆಲಸಕ್ಕೆ ಹೋಗುವವರು ಯಾರೂ ಬರುವುದಿಲ್ಲ. ಸಂಜೆ ಪಾರ್ಕಿನಲ್ಲೇ ಇಡಿ. ತುಳುವಿನಲ್ಲಿ ಮಾತಾಡಿ, ಕನ್ನಡ ಬೇಕಾದವರಿಗೆ ಕನ್ನಡ. ಮೈಕು ಬೇಡ, ಮೈಕು ಕಂಡರೆ ಹೆಂಗಸರು ಬಾಯಿ ಬಿಡುವುದಿಲ್ಲ.

ಗೇಟಿನ ಪಕ್ಕದ ಮನೆ
ಎಲ್ಲರಿಗೂ ಧನ್ಯವಾದ. ಇವತ್ತು ವಿಚಾರಿಸಿದೆ. ಟ್ರ್ಯಾಕಿನ ವರ್ಕ್ ಆರ್ಡರ್ ಆಗಿದೆ, ಶಿಲ್ಪದ ಕೊಟೇಶನ್ ಇನ್ನೂ ಒಪ್ಪಿಲ್ಲ. ಅಂದರೆ ಸಮಯ ಉಂಟು. ವೋಟು ನಿಲ್ಲಿಸಿ ಅಂತ ಗ್ರೂಪಿನಲ್ಲಿ ಹಾಕಿದ್ದೇನೆ, ಇಬ್ಬರು ಬೈದರು, ಕೆಲವರು ಒಪ್ಪಿದರು. ಅರ್ಜಿಯಲ್ಲಿ ಹೀಗೆ ಬರೆಯುತ್ತೇವೆ. ಶಿಲ್ಪವನ್ನು ಬೇರೆ ಮಾಡಿ, ವಸ್ತು ಮತ್ತು ಖರ್ಚು ಬೋರ್ಡಿನಲ್ಲಿ ಹಾಕಿ, ಸಂಜೆ ಪಾರ್ಕಿನಲ್ಲಿ ಸಭೆ ಕರೆಯಿರಿ, ಆಮೇಲೆ ಊರಿನ ಕಲಾವಿದರಿಂದ ವಿನ್ಯಾಸ ತರಿಸಿ. ಮನೆಮನೆಗೆ ಒಂದು ಹಾಳೆಯನ್ನೂ ಹಂಚುತ್ತೇವೆ.

ನಿವೃತ್ತ ಎಂಜಿನಿಯರ್
ನಿರ್ವಹಣೆ ಸೇರಿಸಿ. ಮೊದಲ ಐದು ಮಳೆಗಾಲ ತೊಳೆಯುವುದು, ರಿಪೇರಿ ಮಾಡುವುದು ಯಾರು ಅಂತ ಕರಾರಿನಲ್ಲೇ ಇರಲಿ. ಅದಿಲ್ಲದೆ ಸಹಿ ಹಾಕಬೇಡಿ.

ಬಲ್ಮಠ ವಾಕರ್
ಹಾಳೆಯಲ್ಲಿ "ಕಲಾಕೃತಿ ಏನೂ ಬೇಡ, ಈ ಜಾಗ ಹೀಗೇ ಇರಲಿ" ಅನ್ನುವ ಸಾಲೂ ಇರಲಿ. ಅದಿಲ್ಲದಿದ್ದರೆ ಕೇಳಿದ ಹಾಗೆ ಆಗುವುದಿಲ್ಲ.

ಕುಂಚ ಮತ್ತು ಉಳಿ
ಕಲಾವಿದನಾಗಿ ನಾನೂ ಅದನ್ನೇ ಹೇಳುತ್ತೇನೆ. ಆ ಸಾಲು ಮೊದಲಿಗೇ ಬರಲಿ.

ಗೇಟಿನ ಪಕ್ಕದ ಮನೆ
ಸೇರಿಸಿದೆ. ಅದರ ಕೆಳಗೆ "ಲೈಟು ಎಲ್ಲೆಲ್ಲಿ ಬೇಕು" ಅಂತಲೂ ಒಂದು ಪ್ರಶ್ನೆ ಹಾಕಿದ್ದೇನೆ. ಹಾಳೆ ನಾಳೆ ಪ್ರಿಂಟಿಗೆ ಹೋಗುತ್ತದೆ, ಬೇರೆ ಏನಾದರೂ ಇದ್ದರೆ ಇವತ್ತು ರಾತ್ರಿಯೊಳಗೆ ಬರೆಯಿರಿ.